ಬಾನಿನ ದಾರಿ, ನೆಲದ ದಾರಿ

ಬೆಂಗಳೂರಿಗೂ ಮಂಗಳೂರಿಗೂ ಎಷ್ಟು ದೂರ? ಪ್ರಶ್ನೆಯೇನೋ ಬಹು ಸುಲಭವಾದುದು. ಆದರೆ ನಾಲ್ವರನ್ನು ಕೇಳಿದರೆ ನಾಲ್ಕು ಉತ್ತರಗಳು ಬರುತ್ತವೆ. ಭೂಪಟದ ಮೇಲೆ ಅಳತೆಗೋಲನ್ನಿಟ್ಟು ನೋಡಿದವನು ೨೯೬ ಕಿಲೋಮೀಟರು ಎನ್ನುತ್ತಾನೆ. ಮೋಟಾರು ನಡಸುವವನು ಸುಮಾರು ೩೫೦ ಎನ್ನುತ್ತಾನೆ. ರೈಲಿನವನು ಆ ಸಂಖ್ಯೆಯನ್ನೂ ದಾಟಿ ಹೋಗಿ, ಜೊತೆಗೆ ಒಂದು ಇಡಿಯ ರಾತ್ರಿಯನ್ನು ಸೇರಿಸಿ ಹೇಳುತ್ತಾನೆ. ವಿಮಾನದ ಚೀಟಿಯನ್ನು ಕೊಂಡವನಾದರೋ ದೂರದ ಮಾತನ್ನೇ ಎತ್ತದೆ, 'ಒಂದು ಗಂಟೆ' ಎಂದುಬಿಡುತ್ತಾನೆ. ಇವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಆದರೆ ಒಬ್ಬೊಬ್ಬರೂ ಬೇರೆ ಬೇರೆಯ ಪ್ರಶ್ನೆಗೆ ಉತ್ತರ ಕೊಡುತ್ತಿದ್ದಾರೆ. ಒಬ್ಬನ ಉತ್ತರವನ್ನು ಇನ್ನೊಬ್ಬನ ಪ್ರಶ್ನೆಗೆ ಹಚ್ಚಿದಾಗಲೇ ಪ್ರಯಾಣಿಕನಿಗೆ ತೊಂದರೆ ಒದಗುವುದು.

ಈ ಉತ್ತರಗಳನ್ನು ತೂಗಿ ನೋಡುವುದಕ್ಕೆ ದಾರಿಯ ನಡುವಣ ಊರೊಂದನ್ನು ಆರಿಸಿಕೊಳ್ಳೋಣ. ಹಾಸನ ಜಿಲ್ಲೆಯ ಅರಕಲಗೂಡು ನಮ್ಮ ಕೆಲಸಕ್ಕೆ ಬಹಳ ಅನುಕೂಲವಾದ ಊರು. ಅಲ್ಲಿಗೆ ರೈಲಿಲ್ಲ, ವಿಮಾನ ನಿಲ್ದಾಣದ ಮಾತಂತೂ ಬೇಡ. ಹಾಗಿದ್ದರೂ ಎರಡು ದೊಡ್ಡ ನಿಲ್ದಾಣಗಳ ನಡುವಣ ಬಾನಿನ ದಾರಿಗೆ ಅದು ತೀರ ಸಮೀಪದಲ್ಲಿದೆ.

ಹಿಂದಿನವರು ದೂರವನ್ನೂ ಹೊತ್ತನ್ನೂ ಹೀಗೆ ಬೇರೆಮಾಡಿ ಎಣಿಸುತ್ತಿರಲಿಲ್ಲ. 'ಕೂಗಳತೆಯ ದೂರ' ಎಂದರೆ ಒಬ್ಬನು ಕೂಗಿದ್ದು ಇನ್ನೊಬ್ಬನಿಗೆ ಕೇಳಿಸುವಷ್ಟು ದೂರ. ಹರದಾರಿ ಎಂದರೆ ಸುಮಾರು ಮೂರು ಮೈಲಿ. ಗಾವುದವೆಂದರೆ ಅಂಥವು ನಾಲ್ಕು. ದಾರಿಹೋಕನಿಗೆ ಇವಕ್ಕಿಂತಲೂ ಉಪಯೋಗಕ್ಕೆ ಬರುತ್ತಿದ್ದುದು 'ಹೊತ್ತು ಮುಳುಗುವುದರೊಳಗೆ ಸೇರಬಹುದೇ?' ಎಂಬ ಪ್ರಶ್ನೆ. ದಾರಿ ಏರಾಗಿದ್ದರೆ, ಹೊಳೆ ತುಂಬಿದ್ದರೆ, ಎತ್ತುಗಳು ಬಳಲಿದ್ದರೆ ಅದೇ ಹರದಾರಿ ಉದ್ದವಾಗುತ್ತಿತ್ತು. ನಗಲು ಕಾರಣವಿಲ್ಲ. ವಿಮಾನದ ಕಾಲದಲ್ಲಿಯೂ ನಾವು ಅದೇ ಅಳತೆಗೆ ಹಿಂದಿರುಗಿದ್ದೇವೆಂಬುದನ್ನು ಮುಂದೆ ಕಾಣುವಿರಿ.

ನಮ್ಮ ನಾಡಿನ ನೇರ ದೂರವನ್ನು ಮೊದಲು ಶಾಸ್ತ್ರೀಯವಾಗಿ ಅಳೆದವನು ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ. ೧೭೯೯ರ ಶ್ರೀರಂಗಪಟ್ಟಣದ ಯುದ್ಧದಲ್ಲಿ ಭಾಗವಹಿಸಿದ್ದ ಈತನಿಗೆ, ಕರಾವಳಿಯಿಂದ ಕರಾವಳಿಯವರೆಗೆ ತ್ರಿಕೋಣಗಳ ಸರಪಣಿಯನ್ನು ಹೆಣೆಯಬೇಕೆಂಬ ಹಂಬಲ ಹುಟ್ಟಿತು. ೧೮೦೨ರಲ್ಲಿ ಮದರಾಸಿನ ಬಳಿ ಉಕ್ಕಿನ ಸರಪಣಿಯಿಂದ ಒಂದು ಆಧಾರರೇಖೆಯನ್ನು ಅಳೆದರು. ೧೮೦೪ರಲ್ಲಿ ಬೆಂಗಳೂರಿನ ಬಳಿ ಇನ್ನೊಂದನ್ನು ಅಳೆದು ಮೊದಲಿನದರ ಲೆಕ್ಕ ಸರಿಯೇ ಎಂದು ಒರೆಹಚ್ಚಿದರು. ತ್ರಿಕೋಣದ ಒಂದು ಭುಜವೂ ಅದರ ಎರಡು ಕೋನಗಳೂ ತಿಳಿದರೆ ಉಳಿದ ಭುಜಗಳನ್ನು ಲೆಕ್ಕದಿಂದಲೇ ತೆಗೆಯಬಹುದಷ್ಟೆ. ಹಾಗೆ ಬೆಟ್ಟದಿಂದ ಬೆಟ್ಟಕ್ಕೆ ಕಣ್ಣು ಹಾಯಿಸುತ್ತ, ಕೋನಗಳನ್ನು ಮಾತ್ರ ಅಳೆಯುತ್ತ, ಮೈಸೂರು ಸೀಮೆಯನ್ನು ದಾಟಿ ಮಂಗಳೂರಿನ ಕಡಲನ್ನು ಮುಟ್ಟಿದರು. ಅಲ್ಲಿಯವರೆಗಿನ ಭೂಪಟಗಳು ಪರ್ಯಾಯದ್ವೀಪದ ಅಗಲವನ್ನು ಸುಮಾರು ೪೦೦ ಮೈಲಿ ಎಂದು ತೋರಿಸುತ್ತಿದ್ದವು. ಲ್ಯಾಂಬ್ಟನ್ನನ ಲೆಕ್ಕದಲ್ಲಿ ಅದು ಸುಮಾರು ೩೬೦ ಮೈಲಿಯೆಂದು ತಿಳಿಯಿತು. ದಾರಿಯ ಸುತ್ತುಬಳಸನ್ನು ನೆಚ್ಚಿ ಬರೆದ ಭೂಪಟದಿಂದ ನಲವತ್ತು ಮೈಲಿಯಷ್ಟು ನೆಲ ಒಮ್ಮೆಗೇ ಮಾಯವಾಯಿತು! ಯಾವ ರೈತನ ಹೊಲವೂ ಕುಗ್ಗಲಿಲ್ಲವೆನ್ನಿ. ಕುಗ್ಗಿದ್ದು ಕಾಗದ ಮಾತ್ರ.

ಇಂದು ಅಂತಹ ಲೆಕ್ಕವನ್ನು ಮನೆಯಲ್ಲಿ ಕುಳಿತೇ ಮಾಡಬಹುದು. ನಮ್ಮ ಅಕ್ಷಾಂಶದಲ್ಲಿ ಉತ್ತರ ದಕ್ಷಿಣವಾಗಿ ಒಂದು ಡಿಗ್ರಿಯೆಂದರೆ ೧೧೦.೬ ಕಿಲೋಮೀಟರು. ಪೂರ್ವ ಪಶ್ಚಿಮವಾಗಿ ಅದು ಸ್ವಲ್ಪ ಕಡಮೆ, ಸುಮಾರು ೧೦೮.೫, ಏಕೆಂದರೆ ರೇಖಾಂಶದ ಗೆರೆಗಳು ಧ್ರುವದ ಕಡೆಗೆ ಹೋದಂತೆ ಒಂದನ್ನೊಂದು ಸಮೀಪಿಸುತ್ತವೆ. ಅರಕಲಗೂಡಿನ ಅಕ್ಷಾಂಶ ಸುಮಾರು ೧೨.೭೭, ರೇಖಾಂಶ ೭೬.೦೬. ಬೆಂಗಳೂರಿನವು ೧೨.೯೭ ಮತ್ತು ೭೭.೫೯. ರೇಖಾಂಶಗಳ ಅಂತರ ೧.೫೩ ಡಿಗ್ರಿ, ಎಂದರೆ ೧೬೬ ಕಿಲೋಮೀಟರು. ಅಕ್ಷಾಂಶಗಳ ಅಂತರ ೦.೨೦, ಎಂದರೆ ೨೨ ಕಿಲೋಮೀಟರು. ಇವೆರಡನ್ನು ಲಂಬಕೋನದ ಭುಜಗಳೆಂದು ಭಾವಿಸಿ ಕರ್ಣವನ್ನು ತೆಗೆದರೆ ೧೬೭ ಕಿಲೋಮೀಟರಿಗಿಂತ ತುಸು ಹೆಚ್ಚು ಬರುತ್ತದೆ. ಹಾಗೆಯೇ ಅರಕಲಗೂಡಿನಿಂದ ಮಂಗಳೂರಿಗೆ ೧೩೧. ಇವೆರಡನ್ನು ಕೂಡಿಸಿ ನೋಡಿ: ಸುಮಾರು ೨೯೮. ಬೆಂಗಳೂರಿನಿಂದ ಮಂಗಳೂರಿಗೆ ನೇರವಾಗಿ ೨೯೬ ತಾನೆ? ಎರಡು ಮೂರು ಕಿಲೋಮೀಟರು ಬಳಸಿದರೆ ಹಕ್ಕಿಯೊಂದು ಅರಕಲಗೂಡಿನಲ್ಲಿ ಇಳಿದು ಹೋಗಬಹುದೆಂದಾಯಿತು.

ಡಿಗ್ರಿಯ ಮಾತು ಬಂದುದರಿಂದ ಒಂದು ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಅರಕಲಗೂಡಿನ ಹೆಸರಿನಲ್ಲಿ ಸೂರ್ಯನಿದ್ದಾನೆ. ಗೌತಮ ಋಷಿಗಳು ಅಲ್ಲಿ ಅರ್ಕೇಶ್ವರನನ್ನು ಪ್ರತಿಷ್ಠಿಸಿದರೆಂದು ಸ್ಥಳಪುರಾಣ. ಆದರೆ ಆ ಅರ್ಕನು ತನ್ನ ಊರಿನ ನೆತ್ತಿಗೆ ಬರುವುದು ಗಡಿಯಾರದ ಹನ್ನೆರಡಕ್ಕಲ್ಲ. ನಮ್ಮ ದೇಶದ ಗಡಿಯಾರಗಳೆಲ್ಲ ೮೨.೫ ಡಿಗ್ರಿಯ ರೇಖಾಂಶಕ್ಕೆ ಹೊಂದಿಕೊಂಡಿವೆ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು. ಅರಕಲಗೂಡು ಆ ರೇಖೆಯಿಂದ ಸುಮಾರು ಆರೂವರೆ ಡಿಗ್ರಿ ಪಶ್ಚಿಮಕ್ಕಿರುವುದರಿಂದ ಅಲ್ಲಿ ನಿಜವಾದ ನಡುಹಗಲು ವರ್ಷದ ಸರಾಸರಿಯಲ್ಲಿ ೧೨ ಗಂಟೆ ೨೬ ನಿಮಿಷಕ್ಕೆ ಆಗುತ್ತದೆ. ಬೆಂಗಳೂರಿಗೂ ಮಂಗಳೂರಿಗೂ ಸೂರ್ಯನ ಲೆಕ್ಕದಲ್ಲಿ ಹನ್ನೊಂದು ನಿಮಿಷದ ವ್ಯತ್ಯಾಸವುಂಟು. ಇದು ಸಣ್ಣ ಸಂಗತಿಯಾಗಿ ತೋರಬಹುದು. ಪರದೇಶದ ವಿಮಾನಗಳ ಮಾತು ಬಂದಾಗ ಇದೇ ದೊಡ್ಡದಾಗಿ ನಿಲ್ಲುತ್ತದೆ.

ಇನ್ನು ವಿಮಾನವನ್ನು ಹತ್ತೋಣ. ವಿಮಾನವು ಊರಿನಿಂದ ಊರಿಗೆ ಹಾರುವುದಿಲ್ಲ, ನಿಲ್ದಾಣದಿಂದ ನಿಲ್ದಾಣಕ್ಕೆ ಹಾರುತ್ತದೆ. ೨೦೦೮ರ ಮೇ ತಿಂಗಳಲ್ಲಿ ಬೆಂಗಳೂರಿನ ನಿಲ್ದಾಣ ದೇವನಹಳ್ಳಿಯ ಕಡೆಗೆ ಹೋಯಿತು. ಮಂಗಳೂರಿನದು ೧೯೫೧ರ ಡಿಸೆಂಬರಿನಿಂದ ಬಜಪೆಯ ಗುಡ್ಡದ ಮೇಲಿದೆ. ಅದನ್ನು ತೆರೆದ ದಿನ ಜವಾಹರಲಾಲ ನೆಹರೂ ಅವರು ವಿಮಾನದಲ್ಲಿಯೇ ಬಂದಿಳಿದರು. ಈ ಎರಡು ನಿಲ್ದಾಣಗಳ ನಡುವೆ ನೇರ ದೂರ ಸುಮಾರು ೩೦೬ ಕಿಲೋಮೀಟರು. ನೆತ್ತಿಯ ಮೇಲಿನ ಗೆರೆ ಹಾಸನದ ಊರಿಗೆ ಐದಾರು ಕಿಲೋಮೀಟರು ಉತ್ತರದಲ್ಲಿ ಹಾಯುತ್ತದೆ. ವಿಮಾನಗಳು ನಿಯತವಾದ ಮಾರ್ಗಗಳಲ್ಲಿ ಸಂಚರಿಸುವುದರಿಂದ ಗೆರೆಯ ಮೇಲೆಯೇ ಇರುತ್ತವೆಂದು ಹೇಳುವಂತಿಲ್ಲ. ಆದರೂ ಬಾನು ತಿಳಿಯಾಗಿದ್ದ ದಿನ ಪಶ್ಚಿಮಕ್ಕೆ ಹೋಗುವವರು ಎಡಗಡೆಯ ಕಿಟಕಿಯಲ್ಲಿ ಹಾಸನವನ್ನೂ ಅದರಾಚೆ ಗೊರೂರಿನ ಹೇಮಾವತಿ ಜಲಾಶಯವನ್ನೂ, ಬಲಗಡೆಯಲ್ಲಿ ಬೇಲೂರು ಹಳೇಬೀಡುಗಳ ಸೀಮೆಯನ್ನೂ ಹುಡುಕಬಹುದು. ಜಲಾಶಯದ ದಕ್ಷಿಣಕ್ಕೆ ಅರಕಲಗೂಡು. ಅಲ್ಲಿಂದ ನೋಡುವವರಿಗೆ ಆ ವಿಮಾನ ಉತ್ತರದ ಬಾನಂಚಿನಲ್ಲಿ, ಅಂಗೈಯಗಲದ ಎತ್ತರದಲ್ಲಿ, ಸದ್ದಿಲ್ಲದೆ ಸಾಗುವ ಒಂದು ಚುಕ್ಕಿ.

ಈ ದಾರಿಯಲ್ಲಿ ಓಡಾಡುವ ರೆಕ್ಕೆಗಾಳಿಯಂತ್ರದ ಸಣ್ಣ ವಿಮಾನಗಳ ವೇಗ ಗಂಟೆಗೆ ಸುಮಾರು ೫೦೦ ಕಿಲೋಮೀಟರು. ಭಾಗಾಕಾರ ಮಾಡಿದರೆ ೩೦೬ ಕಿಲೋಮೀಟರಿಗೆ ೩೭ ನಿಮಿಷವಾಗಬೇಕು. ಚೀಟಿಯಲ್ಲೇಕೆ ಒಂದು ಗಂಟೆಯೆಂದಿದೆ? ಪ್ರಯಾಣದ ಕಾಲವನ್ನು ಎಣಿಸುವುದು ನೆಲ ಬಿಟ್ಟ ಗಳಿಗೆಯಿಂದಲ್ಲ; ಚಕ್ರಕ್ಕೆ ಒಡ್ಡಿದ ಅಡ್ಡಕಟ್ಟೆಯನ್ನು ತೆಗೆದು ವಿಮಾನ ಮೊದಲು ಅಲುಗಿದ ಗಳಿಗೆಯಿಂದ, ಸೇರಿದೂರಿನಲ್ಲಿ ಮತ್ತೆ ಚಕ್ರಕ್ಕೆ ಅಡ್ಡಕಟ್ಟೆಯನ್ನು ಒಡ್ಡುವ ಗಳಿಗೆಯವರೆಗೆ. ನಡುವೆ ಓಡುದಾರಿಯ ತುದಿಯವರೆಗೆ ನೆಲದ ಮೇಲೆ ಉರುಳಬೇಕು, ಸರದಿ ಕಾಯಬೇಕು, ಮೇಲಕ್ಕೇರುವಾಗಲೂ ಕೆಳಗಿಳಿಯುವಾಗಲೂ ಪೂರ್ಣ ವೇಗವಿರದು. ಇಷ್ಟಲ್ಲದೆ, ತಡವಾಯಿತೆಂಬ ಅಪವಾದ ಬಾರದಿರಲೆಂದು ಸಂಸ್ಥೆಗಳು ವೇಳಾಪಟ್ಟಿಯಲ್ಲಿ ಒಂದಿಷ್ಟು ನಿಮಿಷಗಳನ್ನು ಮೊದಲೇ ಕೂಡಿಸಿಡುತ್ತವೆ. ಹೀಗಾಗಿ ೮೦೦ ಕಿಲೋಮೀಟರಿಗೂ ಮೀರಿದ ವೇಗದ ಜೆಟ್ ವಿಮಾನವನ್ನು ತಂದು ಹೂಡಿದರೂ ಇಷ್ಟು ಗಿಡ್ಡ ದಾರಿಯಲ್ಲಿ ಉಳಿಯುವುದು ಕೆಲವೇ ನಿಮಿಷ. ಅದು ಏರಿ ಮುಗಿಸುವುದರೊಳಗೆ ಇಳಿಯುವ ಹೊತ್ತಾಗಿರುತ್ತದೆ.

ಗಾಳಿಯೂ ತನ್ನ ಪಾಲನ್ನು ಕೇಳುತ್ತದೆ. ಆಷಾಢ ಶ್ರಾವಣಗಳಲ್ಲಿ ಅರಬ್ಬೀ ಸಮುದ್ರದಿಂದ ಬೀಸುವ ಪಡುವಣ ಗಾಳಿ ನಮ್ಮ ಪರ್ಯಾಯದ್ವೀಪದ ಮೇಲೆ ಸುಮಾರು ಒಂದೂವರೆ ಕಿಲೋಮೀಟರು ಎತ್ತರದಲ್ಲಿ ಅತ್ಯಂತ ಬಿರುಸಾಗಿರುತ್ತದೆ. ಇನ್ನೂ ಮೇಲೇರಿದರೆ ಅದರ ಬಲ ಕುಂದಿ, ಹದಿನಾಲ್ಕು ಹದಿನೈದು ಕಿಲೋಮೀಟರು ಎತ್ತರದಲ್ಲಿ ಅದಕ್ಕೆ ವಿರುದ್ಧವಾಗಿ ಮೂಡಣದಿಂದ ಪಡುವಣಕ್ಕೆ ದೊಡ್ಡ ಗಾಳಿಯ ಹೊನಲೊಂದು ಹರಿಯುತ್ತದೆ. ಅದರ ಸ್ವರೂಪವನ್ನು ೧೯೫೦ರ ದಶಕದಲ್ಲಿ ಲೋಕಕ್ಕೆ ತಿಳಿಸಿದವರು ಭಾರತದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ ಅವರು. ಗಂಟೆಗೆ ೫೦ ಕಿಲೋಮೀಟರಿನ ಎದುರುಗಾಳಿಯಿದ್ದರೆ ನಮ್ಮ ೩೭ ನಿಮಿಷ ಸುಮಾರು ೪೧ ಆಗುತ್ತದೆ. ಹಿಂದಿರುಗುವಾಗ ಅದೇ ಗಾಳಿ ಬೆನ್ನಿಗೆ ಬಂದು ೩೩ಕ್ಕೆ ಇಳಿಸುತ್ತದೆ. ಕಳೆದುಕೊಂಡದ್ದೆಲ್ಲ ಮರಳಿ ಬಂತೆಂದು ತಿಳಿಯಬೇಡಿ. ಎದುರುಗಾಳಿಯಲ್ಲಿ ಹೆಚ್ಚು ಹೊತ್ತು ಇರುವುದರಿಂದ, ಹೋಗಿಬರುವ ಒಟ್ಟು ಕಾಲ ಗಾಳಿಯಿಲ್ಲದ ದಿನಕ್ಕಿಂತ ಯಾವಾಗಲೂ ತುಸು ಹೆಚ್ಚೇ.

ಯೂರೋಪಿನ ಎರಡು ಮಹಾನಗರಗಳನ್ನು ಈ ಜೋಡಿಯ ಪಕ್ಕದಲ್ಲಿಟ್ಟು ನೋಡಿದರೆ ಬೋಧಪ್ರದವಾಗಿರುತ್ತದೆ. ಲಂಡನ್ನಿಗೂ ಪ್ಯಾರಿಸ್ಸಿಗೂ ನೇರ ದೂರ ಸುಮಾರು ೩೪೪ ಕಿಲೋಮೀಟರು. ನಮ್ಮ ಜೋಡಿಗಿಂತ ಸ್ವಲ್ಪ ಹೆಚ್ಚು. ೧೯೧೯ರ ಆಗಸ್ಟ್ ೨೫ರಂದು ಅಲ್ಲಿ ದಿನನಿತ್ಯದ ವಿಮಾನ ಸೇವೆ ಆರಂಭವಾಯಿತು. ಮೊದಲ ದಿನ ಒಬ್ಬನೇ ಪ್ರಯಾಣಿಕ, ಅವನ ಜೊತೆಗೆ ವೃತ್ತಪತ್ರಿಕೆಗಳು, ಕೆನೆ, ಕಾಡುಕೋಳಿ. ಎರಡೂವರೆ ಗಂಟೆಯ ಪ್ರಯಾಣ. ಇಂದು ವೇಳಾಪಟ್ಟಿಯ ಪ್ರಕಾರ ಒಂದೂಕಾಲು ಗಂಟೆಯ ಆಸುಪಾಸು. ಶತಮಾನ ಕಳೆದು, ವಿಮಾನದ ವೇಗ ನಾಲ್ಕು ಪಾಲಿಗೂ ಹೆಚ್ಚು ಬೆಳೆದ ಮೇಲೆ ಉಳಿದದ್ದು ಇಷ್ಟೇ! ಇತ್ತ ೧೯೯೪ರಲ್ಲಿ ಕಡಲ ಕೆಳಗಿನ ಸುರಂಗದಲ್ಲಿ ರೈಲು ಓಡಲಾರಂಭಿಸಿತು. ೨೦೦೭ರಲ್ಲಿ ವೇಗದ ಹಳಿಗಳು ಪೂರ್ತಿಯಾದ ಮೇಲೆ ಅದು ನಗರದ ನಡುವಿನಿಂದ ನಗರದ ನಡುವಿಗೆ ಎರಡೂಕಾಲು ಗಂಟೆಯಲ್ಲಿ ಮುಟ್ಟಿಸುತ್ತಿದೆ. ವಿಮಾನಕ್ಕೆ ಒಂದು ಗಂಟೆ ಹಿಂದಿದ್ದ ರೈಲನ್ನು ಜನ ಏಕೆ ಆರಿಸಿಕೊಂಡರೆಂಬುದರಲ್ಲಿ ನಮ್ಮ ಲೆಕ್ಕದ ತಿರುಳಿದೆ.

ವಿಮಾನವನ್ನು ಹತ್ತುವವನು ಹಾರುವುದಕ್ಕೆ ಮುಂಚೆಯೂ ಆಮೇಲೆಯೂ ಒಂದು ನಿಶ್ಚಿತವಾದ ಕಾಲವನ್ನು ತೆರಬೇಕು. ಮನೆಯಿಂದ ನಿಲ್ದಾಣಕ್ಕೆ ಒಂದೂವರೆ ಗಂಟೆ, ತಪಾಸಣೆ ಮತ್ತು ಕಾಯುವಿಕೆಗೆ ಒಂದೂಕಾಲು ಗಂಟೆ, ನೆಲದ ಮೇಲಿನ ಉರುಳಾಟಕ್ಕೆ ಕಾಲು ಗಂಟೆ, ಇಳಿದ ಮೇಲೆ ಪೆಟ್ಟಿಗೆಯನ್ನು ಪಡೆದು ಊರೊಳಗೆ ಸೇರಲು ಒಂದು ಗಂಟೆ. ಒಟ್ಟು ನಾಲ್ಕು ಗಂಟೆ. ನೂರು ಕಿಲೋಮೀಟರು ಹೋದರೂ ಇದು ತಪ್ಪದು, ಸಾವಿರ ಹೋದರೂ ಹೆಚ್ಚದು. ಮೋಟಾರಿಗೆ ಇಂತಹ ತೆರಿಗೆಯಿಲ್ಲ. ಅದು ಬಾಗಿಲಿನಿಂದಲೇ ಹೊರಡುತ್ತದೆ, ಆದರೆ ನಿಧಾನ. ಮೋಟಾರಿನ ವೇಗ ಗಂಟೆಗೆ ೫೫, ವಿಮಾನದ್ದು ೫೦೦ ಎಂದಿಟ್ಟುಕೊಂಡರೆ ಎರಡೂ ಸಮವಾಗುವುದು ಸುಮಾರು ೨೫೦ ಕಿಲೋಮೀಟರಿನಲ್ಲಿ. ಅದಕ್ಕಿಂತ ಗಿಡ್ಡ ದಾರಿಯಲ್ಲಿ ಮೋಟಾರೇ ಮೇಲು. ಗಂಟೆಗೆ ೨೦೦ ಕಿಲೋಮೀಟರು ಓಡುವ ರೈಲೊಂದಿದ್ದು ಅದನ್ನು ಹತ್ತಿಳಿಯಲು ಒಂದು ಗಂಟೆ ಸಾಕೆಂದಾದರೆ ಆ ಸಮತೂಕದ ದೂರ ೧,೦೦೦ ಕಿಲೋಮೀಟರಿಗೆ ಜಿಗಿಯುತ್ತದೆ. ಪ್ಯಾರಿಸ್ಸಿನ ರೈಲು ಗೆದ್ದದ್ದು ಹೀಗೆ. ನಮ್ಮ ರೈಲು ಹಾಗೆ ಗೆಲ್ಲಲಾರದು; ಅದಕ್ಕೆ ಅಡ್ಡವಾಗಿ ಪಶ್ಚಿಮ ಘಟ್ಟ ನಿಂತಿದೆ.

ನೇರ ದೂರಕ್ಕೂ ನೆಲದ ದೂರಕ್ಕೂ ಇರುವ ಐವತ್ತು ಚಿಲ್ಲರೆ ಕಿಲೋಮೀಟರಿನ ವ್ಯತ್ಯಾಸಕ್ಕೆ ದಾರಿಯ ಎಲ್ಲ ಭಾಗಗಳೂ ಸಮವಾಗಿ ಹೊಣೆಯಲ್ಲ. ಕುಣಿಗಲು, ಚನ್ನರಾಯಪಟ್ಟಣ, ಹಾಸನಗಳವರೆಗೆ ಹೆದ್ದಾರಿ ಬಹುಮಟ್ಟಿಗೆ ನೆಟ್ಟಗೆ ಬರುತ್ತದೆ. ಸಕಲೇಶಪುರ ದಾಟಿತೋ, ಅಲ್ಲಿಂದ ಹಾವಿನ ನಡೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆ ನಿಲ್ದಾಣದವರೆಗಿನ ೫೫ ಕಿಲೋಮೀಟರಿನಲ್ಲಿ ರೈಲು ಸುಮಾರು ಎಂಟುನೂರು ಮೀಟರು ಇಳಿಯಬೇಕು. ಐವತ್ತಡಿ ಸಾಗಿದರೆ ಒಂದಡಿ ಇಳಿಜಾರು. ದಾರಿಯಲ್ಲಿ ೫೭ ಸುರಂಗಗಳು. ಇಲ್ಲಿ ರೈಲಿನ ವೇಗ ಗಂಟೆಗೆ ೩೦ ಕಿಲೋಮೀಟರಿನ ಸುತ್ತ. ೧೯೭೯ರಲ್ಲಿ ಮೀಟರುಗೇಜಿನ ಹಳಿಯಾಗಿ ಪೂರ್ಣಗೊಂಡ ಈ ದಾರಿ, ಅಗಲ ಹಳಿಗೆ ಬದಲಾಯಿಸುವ ಕೆಲಸಕ್ಕಾಗಿ ವರ್ಷಗಟ್ಟಲೆ ಮುಚ್ಚಿತ್ತು; ಮತ್ತೆ ಪ್ರಯಾಣಿಕರನ್ನು ಹೊತ್ತದ್ದು ೨೦೦೭ರ ಡಿಸೆಂಬರಿನಲ್ಲಿ. ಶ್ರವಣಬೆಳಗೊಳದ ಮೂಲಕ ಬೆಂಗಳೂರು ಹಾಸನಗಳನ್ನು ನೇರವಾಗಿ ಸೇರಿಸುವ ಹಳಿ ೨೦೧೭ರಲ್ಲಿ ಬಂದಿತು. ಅದು ಬಯಲಿನ ಗಂಟೆಗಳನ್ನು ಕಡಮೆ ಮಾಡಿತೇ ಹೊರತು ಘಟ್ಟದ ಗಂಟೆಗಳನ್ನಲ್ಲ.

ಘಟ್ಟ ಮುನಿದರೆ ನೆಲದ ದೂರಕ್ಕೆ ಲೆಕ್ಕವೇ ಇಲ್ಲ. ಶಿರಾಡಿಯ ರಸ್ತೆಯನ್ನು ಕಾಂಕ್ರೀಟು ಮಾಡುವುದಕ್ಕಾಗಿ ೨೦೧೫ರಲ್ಲೊಮ್ಮೆ, ೨೦೧೮ರಲ್ಲೊಮ್ಮೆ ತಿಂಗಳುಗಟ್ಟಲೆ ಮುಚ್ಚಿದ್ದರು. ೨೦೧೮ರ ಆಗಸ್ಟಿನಲ್ಲಿ ಮಳೆ ಬೇರೆಯೇ ರೀತಿಯಲ್ಲಿ ಮುಚ್ಚಿತು. ಗುಡ್ಡಗಳು ಜರಿದು ಶಿರಾಡಿಯ ಹೆದ್ದಾರಿ ನಿಂತಿತು. ರೈಲು ಹಳಿಯ ಮೇಲೆ ಮಣ್ಣು ಬಂಡೆಗಳು ಬಿದ್ದು ಸಂಚಾರ ಅನೇಕ ವಾರ ನಿಂತಿತು. ಕೊಡಗಿನ ಅನಾಹುತದಲ್ಲಿ ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ರಸ್ತೆಯೂ ಕೊಚ್ಚಿಹೋಯಿತು. ಅರಕಲಗೂಡಿನವರು ಕರಾವಳಿಗೆ ಇಳಿಯುವುದು ಸಾಮಾನ್ಯವಾಗಿ ಈ ಎರಡು ದಾರಿಗಳಲ್ಲಿ ಒಂದನ್ನು ಹಿಡಿದು. ಎರಡೂ ಏಕಕಾಲಕ್ಕೆ ಇಲ್ಲವಾದವು. ಮಂಗಳೂರಿನ ಆಸ್ಪತ್ರೆಯಲ್ಲಿ ತಮ್ಮವರನ್ನು ಮಲಗಿಸಿದ್ದವರಿಗೆ ೧೩೧ ಕಿಲೋಮೀಟರು ಎಂಬ ಆ ನೇರ ಗೆರೆ ಅಂದೂ ಅಷ್ಟೇ ಇತ್ತು, ಒಂದಂಗುಲ ಬೆಳೆದಿರಲಿಲ್ಲ. ಆದರೆ ಅದರಿಂದ ಅವರಿಗೇನು ಫಲ?

ಹಾಗಾದರೆ ವಿಮಾನವನ್ನು ಹತ್ತಬಾರದೇ ಎಂದು ಕೇಳುವವರುಂಟು. ಅರಕಲಗೂಡಿನಿಂದ ದೇವನಹಳ್ಳಿಯ ಕಡೆಯ ನಿಲ್ದಾಣಕ್ಕೆ ರಸ್ತೆಯಲ್ಲಿ ಇನ್ನೂರು ಕಿಲೋಮೀಟರಿಗೂ ಮಿಗಿಲು; ನಿಂತು ನಡೆದು ಐದು ಗಂಟೆಯೆಂದು ಹಿಡಿಯಬೇಕು. ಅಲ್ಲಿ ಕಾದು, ಹಾರಿ, ಹಾಸನದ ನೆತ್ತಿಯನ್ನು ದಾಟಿ ಬಜಪೆಯಲ್ಲಿ ಇಳಿಯಬೇಕು. ಮೂಡಣಕ್ಕೆ ಅಷ್ಟು ದೂರ ಹೋದದ್ದು ಪಡುವಣಕ್ಕೆ ಬರುವುದಕ್ಕಾಗಿ! ಘಟ್ಟದ ದಾರಿ ತೆರೆದಿರುವ ದಿನಗಳಲ್ಲಿ ಇದನ್ನು ಯಾರೂ ಮಾಡರು. ಮುಚ್ಚಿದ ದಿನಗಳಲ್ಲಿ ಕೈಯಲ್ಲಿ ಹಣವಿದ್ದವರು ಮಾತ್ರ ಮಾಡಬಲ್ಲರು. ಬೆಂಗಳೂರಿನವನಿಗೆ ಎರಡು ಮೂರು ಗಂಟೆ ಉಳಿಸಿಕೊಡುವ ಅದೇ ವಿಮಾನ ಅರಕಲಗೂಡಿನವನಿಗೆ ಹಲವು ಗಂಟೆಗಳ ನಷ್ಟ.

ಈ ವಿಷಯವನ್ನು ಬಲ್ಲವರೊಬ್ಬರು ಇದೇ ಜಿಲ್ಲೆಯಿಂದ ಬಂದುದು ಆಕಸ್ಮಿಕವಲ್ಲವೆಂದು ನನಗೆ ತೋರುತ್ತದೆ. ಕ್ಯಾಪ್ಟನ್ ಜಿ. ಆರ್. ಗೋಪಿನಾಥರು ಗೊರೂರಿನವರು. ಅವರ ಮನೆತನದ ಜಮೀನು ಹೇಮಾವತಿಯ ಜಲಾಶಯದಲ್ಲಿ ಮುಳುಗಿತು. ಸೇನೆಯಿಂದ ಹಿಂದಿರುಗಿದ ಅವರು ಅದಕ್ಕೆ ಬದಲಾಗಿ ಜಾವಗಲ್ಲಿನ ಬಳಿ ದೊರೆತ ನೆಲದಲ್ಲಿ ಬೇಸಾಯಮಾಡಿದರು. ೧೯೯೭ರಲ್ಲಿ ಹೆಲಿಕಾಪ್ಟರು ಸಂಸ್ಥೆಯನ್ನು ಕಟ್ಟಿ, ೨೦೦೩ರಲ್ಲಿ ಏರ್ ಡೆಕ್ಕನ್ ಎಂಬ ವಿಮಾನ ಸಂಸ್ಥೆಯನ್ನು ಆರಂಭಿಸಿದರು. ಸಣ್ಣ ಊರುಗಳಿಗೆ ಸಣ್ಣ ವಿಮಾನಗಳು ಅಗ್ಗದ ದರದಲ್ಲಿ ಹೋಗಬೇಕೆಂಬುದು ಅವರ ಸಂಕಲ್ಪ. ಸಂಸ್ಥೆ ಕೆಲವೇ ವರ್ಷಗಳಲ್ಲಿ ಇನ್ನೊಂದರಲ್ಲಿ ಲೀನವಾಯಿತು. ಆದರೆ ಅಗ್ಗದ ದರದ ಹಾರಾಟ ನಮ್ಮ ದೇಶದಲ್ಲಿ ಬೇರೂರಿತು. ಹಾಸನದ ಹತ್ತಿರ ಬೂವನಹಳ್ಳಿಯಲ್ಲಿ ಒಂದು ವಿಮಾನ ನಿಲ್ದಾಣವಾಗಬೇಕೆಂಬ ಯೋಜನೆಯೂ ಬಹು ಕಾಲದ್ದು. ಅದರಿಂದ ಬೆಂಗಳೂರಿಗೋ ಮಂಗಳೂರಿಗೋ ಹಾರುವುದರಲ್ಲಿ ಲಾಭವಿಲ್ಲ. ನೂರೈವತ್ತು ಕಿಲೋಮೀಟರಿನ ದಾರಿಗೆ ಮೇಲೆ ಹೇಳಿದ ನಾಲ್ಕು ಗಂಟೆಯ ತೆರಿಗೆ ದುಬಾರಿ. ಮುಂಬಯಿಗೋ ದೆಹಲಿಗೋ ನೇರವಾಗಿ ಹಾರುವಂತಾದರೆ ಮಾತು ಬೇರೆ.

ಇನ್ನು ಪರದೇಶಗಳಿಂದ ಮನೆಗೆ ಬರುವವರ ಲೆಕ್ಕ. ಬೆಂಗಳೂರಿನಿಂದ ಲಂಡನ್ನಿಗೆ ನೇರ ದೂರ ಸುಮಾರು ೮,೦೦೦ ಕಿಲೋಮೀಟರು. ಇಲ್ಲಿ ಗಡಿಯಾರ ಮೋಸ ಮಾಡುತ್ತದೆ. ಮಧ್ಯಾಹ್ನ ಒಂದಕ್ಕೆ ಹೊರಟು ಸಂಜೆ ಆರೂವರೆಗೆ ಲಂಡನ್ ಸೇರಿದವನು ಐದೂವರೆ ಗಂಟೆ ಹಾರಿದನೆಂದು ಮನೆಯವರು ಎಣಿಸಬಹುದು. ಚಳಿಗಾಲದಲ್ಲಿ ಲಂಡನ್ನಿನ ಗಡಿಯಾರ ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದಿರುತ್ತದೆ. ಆದಕಾರಣ ಅವನು ಹಾರಿದ್ದು ಹನ್ನೊಂದು ಗಂಟೆ. ಹಿಂದಿರುಗುವಾಗ ಹತ್ತು ಗಂಟೆ ಹಾರಿದವನಿಗೆ ಹದಿನೈದೂವರೆ ಗಂಟೆ ಕಳೆದಂತೆ ತೋರುತ್ತದೆ. ಹಾರಾಟದ ಕಾಲ ಬೇಕಾದರೆ ಎರಡು ಗಡಿಯಾರಗಳನ್ನು ಮೊದಲು ಒಂದೇ ಊರಿಗೆ ತರಬೇಕು.

ಭೂಪಟವೂ ಮೋಸ ಮಾಡುತ್ತದೆ. ಚಪ್ಪಟೆಯ ಕಾಗದದ ಮೇಲೆ ಬೆಂಗಳೂರಿನಿಂದ ಸಾನ್ ಫ್ರಾನ್ಸಿಸ್ಕೋಗೆ ಗೆರೆಯೆಳೆದರೆ ಅದು ಪಡುವಣ ಸಮುದ್ರಗಳನ್ನೆಲ್ಲ ದಾಟಿಕೊಂಡು ಹೋಗುತ್ತದೆ. ಗೋಳದ ಮೇಲೆ ದಾರವನ್ನು ಬಿಗಿಹಿಡಿದು ನೋಡಿ. ದಾರ ಉತ್ತರಕ್ಕೆ ಓಡಿ ಧ್ರುವದ ಸಮೀಪದಲ್ಲಿ ಹಾಯುತ್ತದೆ. ಅದೇ ಮಹಾವೃತ್ತದ ದಾರಿ, ಸುಮಾರು ೧೪,೦೦೦ ಕಿಲೋಮೀಟರು. ೨೦೨೧ರ ಜನವರಿಯಲ್ಲಿ ಏರ್ ಇಂಡಿಯಾದ ವಿಮಾನವೊಂದನ್ನು ಮಹಿಳೆಯರೇ ನಡಸಿ, ಆ ನಗರದಿಂದ ಉತ್ತರಧ್ರುವದ ಮೇಲಾಗಿ ಬೆಂಗಳೂರಿಗೆ ತಂದರು. ಆಕಾಶದಲ್ಲಿಯೂ ಗಡಿಗಳುಂಟೆಂಬುದನ್ನು ಮರೆಯಬಾರದು. ೨೦೨೨ರಲ್ಲಿ ಯುದ್ಧದ ನಿಮಿತ್ತ ರಷ್ಯದ ಬಾನು ಯೂರೋಪಿನ ವಿಮಾನಗಳಿಗೆ ಮುಚ್ಚಿದ ಮೇಲೆ ಹೆಲ್ಸಿಂಕಿಯಿಂದ ಟೋಕಿಯೋಗೆ ಒಂಬತ್ತೂವರೆ ಗಂಟೆಯ ಹಾರಾಟ ಸುಮಾರು ಹದಿಮೂರಾಯಿತು. ಅಲ್ಲಿಯೂ ಒಂದು ಶಿರಾಡಿ ಘಾಟಿ!

ಲಂಡನ್ನಿನಲ್ಲಿರುವ ಮಗನಿಗೆ ಅರಕಲಗೂಡಿನಿಂದ ತಂದ್ಯ ಕಾಯಿಲೆಯ ಸುದ್ದಿ ಬಂದಿತೆನ್ನೋಣ. ಚಳಿಗಾಲದ ರಾತ್ರಿ ಒಂಬತ್ತಕ್ಕೆ ವಿಮಾನ ಅಲುಗಿದರೆ, ಹತ್ತು ಗಂಟೆ ಹಾರಿ ನಮ್ಮ ಗಡಿಯಾರದಲ್ಲಿ ಮರುದಿನ ಮಧ್ಯಾಹ್ನ ಹನ್ನೆರಡೂವರೆಗೆ ಬೆಂಗಳೂರಿನಲ್ಲಿ ನಿಲ್ಲುತ್ತದೆ. ರಹದಾರಿಯ ತಪಾಸಣೆ, ಪೆಟ್ಟಿಗೆ, ಬಾಡಿಗೆಯ ಕಾರು ಇವಕ್ಕೆ ಒಂದೂವರೆ ಗಂಟೆ. ಎರಡು ಗಂಟೆಗೆ ಹೊರಟವನು ನೆಲಮಂಗಲವನ್ನೂ ಚನ್ನರಾಯಪಟ್ಟಣವನ್ನೂ ಹಾದು, ಹೆದ್ದಾರಿಯನ್ನು ಬಿಟ್ಟು ಹೊಳೆನರಸೀಪುರದ ಕಡೆಗೆ ತಿರುಗಿ, ಮನೆಯ ಬಾಗಿಲನ್ನು ಮುಟ್ಟುವಾಗ ಸಂಜೆ ಏಳು. ೮,೦೦೦ ಕಿಲೋಮೀಟರಿಗೆ ಹತ್ತು ಗಂಟೆ. ಕೊನೆಯ ಇನ್ನೂರು ಚಿಲ್ಲರೆಗೆ ಐದು. ಊರಿನಿಂದ ದೂರವಾಣಿಯಲ್ಲಿ 'ಯಾವಾಗ ಬರುತ್ತೀಯಪ್ಪಾ?' ಎಂದು ತಾಯಿ ಕೇಳಿದಾಗ ಅವನು ಹೇಳಬೇಕಾದುದು ಚೀಟಿಯ ಮೇಲಿನ ಹನ್ನೆರಡೂವರೆಯನ್ನಲ್ಲ, ಈ ಏಳನ್ನು.